ರಾಚಪ್ಪ ಮಾವನ ಸಮುದ್ರಯಾನ

ಮೊನ್ನೆ ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟವನು, ಮಸ್ಕಿಯಲ್ಲಿ ಬಸ್ಸು ನಿಂತಾಗ ಚಹಾ ಕುಡಿಯಲು ಇಳಿದೆ. ಕರೆಂಟು ಹೋಗಿತ್ತು. ಪಕ್ಕದ ಅಂಗಡಿಯವನು ಜನರೇಟರ್ ಚಾಲೂ ಮಾಡಿದ. ಡೀಸೆಲ್ ಹೊಗೆ ಮೂಗಿಗೆ ಬಡಿದದ್ದೇ ತಡ, ನನಗೆ ಸಮುದ್ರ ನೆನಪಾಯಿತು. ನಗಬೇಡಿ. ನಮ್ಮ ಮನೆತನದಲ್ಲಿ ಸಮುದ್ರಕ್ಕೆ ಇರುವುದು ಅದೇ ವಾಸನೆ. ಸಮುದ್ರವನ್ನು ಮೊದಲು ಕಂಡು ಬಂದವನು, ಅಥವಾ ಕಂಡೆನೆಂದು ಹೇಳಿದವನು, ನನ್ನ ಸೋದರತ್ತೆಯ ಗಂಡ ರಾಚಪ್ಪ ಮಾವ.

ಎಂಬತ್ತರ ದಶಕದ ಕೊನೆ ಇರಬೇಕು. ಆಣೆ ಮಾಡಿ ಹೇಳಲಾರೆ. ನನ್ನ ನೆನಪಿನ ಮೇಲೆ ನನಗೇ ಅಷ್ಟು ವಿಶ್ವಾಸವಿಲ್ಲ. ಮಾವ ಸಿಂಧನೂರಿನ ಅಕ್ಕಿ ಗಿರಣಿಗಳ ಇಂಜಿನ್ ಮಿಸ್ತ್ರಿ. ದಢೇಸುಗೂರಿನ ತನಕ ಯಾವ ಇಂಜಿನ್ ಕೆಮ್ಮಿದರೂ ಅವನಿಗೇ ಕರೆ. ಬೇಸಿಗೆಯಲ್ಲಿ ಕಾಲುವೆ ಬಂದಾಗಿ ಗಿರಣಿಗಳು ಸುಮ್ಮನಾದಾಗ, ಸಾಮಾನು ತರುತ್ತೇನೆಂದು ಹುಬ್ಬಳ್ಳಿಗೆ ಹೋದವನು ತಿರುಗಿ ಬಂದದ್ದು ಮುಂಗಾರು ಹಿಡಿದ ಮೇಲೆ. ನಡುವೆ ಒಂದು ಸುದ್ದಿಯಿಲ್ಲ. ಬಂದವನು ಹೇಳಿದ್ದು ಹೀಗೆ: ಹುಬ್ಬಳ್ಳಿಯ ಅಂಗಡಿಯಲ್ಲಿ ಕಾರವಾರದ ಕಡೆಯ ಸಾಹುಕಾರನೊಬ್ಬ ಸಿಕ್ಕ. ಅವನದೇ ಸ್ವಂತದ್ದೊಂದು ಮೋಟಾರು ದೋಣಿ. ಹೆಂಡತಿ ಮಕ್ಕಳೊಂದಿಗೆ ದಂಡೆಗುಂಟ ಕೊಚ್ಚಿಯ ತನಕ ಹೋಗಿಬರುವ ಷೋಕಿ. ಇಂಜಿನ್ ನೋಡುವವನು ಕಾಯಿಲೆ ಬಿದ್ದಿದ್ದರಿಂದ ಮಾವನನ್ನು ಹತ್ತಿಸಿಕೊಂಡ.

ಅಷ್ಟರಲ್ಲಿ ಊರಿನವರು ಬಾಯಿಮಾತಿನಲ್ಲೇ ಮಾವನಿಗೆ ಬೆಳಗಾವಿಯಲ್ಲಿ ಇನ್ನೊಂದು ಸಂಸಾರ ಹೂಡಿಕೊಟ್ಟಿದ್ದರು. ಅತ್ತೆ ಶಾಂತಮ್ಮ ಟ್ರಂಕು ಎತ್ತಿಕೊಂಡು ಲಿಂಗಸುಗೂರಿಗೆ, ನಮ್ಮ ಮನೆಗೆ, ಬಂದುಬಿಟ್ಟಿದ್ದಳು. ಮಾವ ಕರೆಯಲು ಬಂದ. ಮಾತು ಖರೆಯಾದರೆ ಕಳಿಸುವುದು, ಸುಳ್ಳಾದರೆ ಸಂಬಂಧ ಅಲ್ಲಿಗೇ ಮುಗಿಯಿತು ಎಂದರು ಅಪ್ಪ. ಖರೆ ಸುಳ್ಳು ಹೆಕ್ಕುವ ಕೆಲಸ, ಧಾರವಾಡದಲ್ಲಿ ಎಂ.ಎ. ಮುಗಿಸಿ ನೌಕರಿಯಿಲ್ಲದೆ ಕೂತಿದ್ದ ನನ್ನ ಪಾಲಿಗೆ ಬಂತು. ಪುರಾವೆಯಿಲ್ಲದೆ ದೇವರನ್ನೂ ಒಪ್ಪಬಾರದೆಂದು ಕಲಿತು ಬಂದಿದ್ದೆ. ಮಾವ ಯಾವ ಲೆಕ್ಕ!

ನಕಾಶೆ ಹಿಡಿದು ಊರುಗಳ ಸಾಲು ಕೇಳಿದೆ. ಮಾವ ಉತ್ತರಕ್ಕಿರುವ ಭಟ್ಕಳವನ್ನು ಉಡುಪಿಯ ಕೆಳಗಿಟ್ಟ. ಒಂದು ದೀಪಸ್ತಂಭವನ್ನೂ ಕಂಡಿರಲಿಲ್ಲ. ನನಗೆ ಒಳಗೊಳಗೇ ಗೆದ್ದ ಹುರುಪು.

“ನಾ ಇಂಜಿನ್ ಖೋಲ್ಯಾಗ ಇದ್ನೆಪಾ, ಪ್ರೊಫೆಸರಾ,” ಎಂದ ಮಾವ. “ಮ್ಯಾಲ ಬಾ ಅಂತ ಯಾರೂ ಕರೀಲಿಲ್ಲ. ಸಮುದ್ರ ಅಂದ್ರ ನನಗ ಡೀಸೆಲ್ ವಾಸನಿ ಅಷ್ಟ. ನೀ ಬಸ್ಸಿನ ಡಿಕ್ಕ್ಯಾಗ ಕುಂತು ಹೋಗು, ಮಸ್ಕಿ ಗುಡ್ಡ ಯಾವ ಕಡೆ ಬಂತು ಅಂತ ನಾ ಕೇಳ್ತೀನಿ.”

ಯಾವ ಸುಳ್ಳುಗಾರನೂ ಕೊಡಬಹುದಾದ ಉತ್ತರ. ಅಪ್ಪ ನನ್ನ ಮುಖ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ.

ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದಳು: “ಅಷ್ಟು ದಿನ ಕುಡಿಯಾಕ ನೀರು ಹ್ಯಾಂಗ ಮಾಡಿದ್ರಿ?”

ಮಾವ ನೆಲ ನೋಡುತ್ತ ಹೇಳತೊಡಗಿದ. ಆ ಇಂಜಿನ್ ಸಮುದ್ರದ ನೀರನ್ನೇ ಹೀರಿ ತಂಪಾಗುತ್ತಿತ್ತು. ಹಿಂದಿರುಗುವಾಗ ಕೊಳವೆಯಲ್ಲಿ ಕಸ ಸಿಕ್ಕಿ ಇಂಜಿನ್ ಕಾಯತೊಡಗಿತು. ಕಬ್ಬಿಣಕ್ಕೆ ಉಪ್ಪುನೀರು ಕುಡಿಸುವುದಕ್ಕೆ ಮಾವನ ಮನಸ್ಸು ಮೊದಲಿನಿಂದಲೂ ಒಪ್ಪಿರಲಿಲ್ಲ. ಸಿಹಿನೀರಿನ ಪೀಪಾಯಿಗೆ ಕೊಳವೆ ಜೋಡಿಸಿಬಿಟ್ಟ. ಗಿರಣಿಯಲ್ಲಿ ಇಂಜಿನ್ನಿನಿಂದ ಬಂದ ಬಿಸಿನೀರು ತಿರುಗಿ ಸಿಮೆಂಟು ತೊಟ್ಟಿಗೇ ಬೀಳುತ್ತದೆ; ಅದೇ ನೀರು ದಿನಗಟ್ಟಲೆ ಸುತ್ತುತ್ತದೆ. ದೋಣಿಯಲ್ಲಿ ನೀರು ಹೊರಹೋಗುವ ಕೊಳವೆ ಸಮುದ್ರಕ್ಕೆ ಬಾಯಿ ತೆರೆದಿತ್ತು. ಅದನ್ನು ಅವನು ನೋಡಲಿಲ್ಲ.

“ಕುಡಿಯೋ ನೀರೆಲ್ಲಾ ಸಮುದ್ರಕ್ಕ ಹೋತು,” ಎಂದ. “ಕೂಸುಗಳು ನೀರು ನೀರು ಅಂತ ಅಳಾಕತ್ತಿದ್ವು. ಸಾಹುಕಾರ ಹೊನ್ನಾವರದಾಗ ನನ್ನ ಇಳಿಸಿ ಹೋದ. ಮಿಸ್ತ್ರಿ ಅಂತ ಹೇಳಿಕೊಂಡು ಯಾವ ಮುಖಲೇ ಊರಿಗೆ ಬರಲಿ? ಅಲ್ಲೇ ಒಂದು ಗ್ಯಾರೇಜಿನಾಗ ಉಳಿದೆ.”

ಅತ್ತೆ ಒಳಗೆ ಹೋಗಿ ಟ್ರಂಕು ತಂದು ಹೊರಗಿಟ್ಟಳು.

ಸುದ್ದಿ ಅವರಿಬ್ಬರಿಗಿಂತ ಮುಂಚೆ ಸಿಂಧನೂರು ಮುಟ್ಟಿತ್ತು. ಗಿರಣಿಯ ಹಮಾಲ ಖಾಜಾಸಾಬ್ ಮಾವನನ್ನು ಕಂಡಾಗಲೆಲ್ಲ, “ರಾಚಪ್ಪ ಬಂದಾನ, ಕೊಡ ಮುಚ್ಚಿಡ್ರಿ,” ಎನ್ನುತ್ತಿದ್ದನಂತೆ. ಕೆಲವು ಗಿರಣಿಯವರು ಬೇರೆ ಮಿಸ್ತ್ರಿಯನ್ನು ಹುಡುಕಿಕೊಂಡರು.

ನನ್ನ ಸಂಶಯ ಮಾತ್ರ ಹೋಗಲಿಲ್ಲ. ತೊಂಬತ್ತರ ದಶಕದಲ್ಲಿ ಮೇಷ್ಟರಾಗಿ, ತರಗತಿಯಲ್ಲಿ ನಿಂತಾಗಲೂ ಅದು ತಲೆಯಲ್ಲಿ ಸುತ್ತುತ್ತಿತ್ತು. ತನ್ನದೇ ಮಾನ ಹೋಗುವಂಥ ಕಥೆಯನ್ನು ಯಾರು ಕಟ್ಟುತ್ತಾರೆ ಎಂದು ಒಂದು ದಿನ. ಹಾಗೆಂದು ನಾವು ನಂಬಲಿ ಎಂದೇ ಕಟ್ಟಿದ್ದರೆ ಎಂದು ಮರುದಿನ. ಬೆಳಗಾವಿಯಲ್ಲದಿದ್ದರೆ ಹೊನ್ನಾವರದಲ್ಲೇ ಒಂದು ಮನೆ ಇದ್ದಿರಬಾರದೇಕೆ? ಮಾವ ಈಗ ಇಲ್ಲ, ಕೇಳುವಂತಿಲ್ಲ.

ಮೊನ್ನೆ ಸಿಂಧನೂರು ಮುಟ್ಟಿದವನೇ ಅತ್ತೆಯನ್ನು ಕೇಳಿಬಿಟ್ಟೆ: ಮಾವ ಹೇಳಿದ್ದು ಖರೆ ಅಂತ ನಿನಗೆ ಹೇಗೆ ಗೊತ್ತಾಯಿತು?

ಅತ್ತೆ ಅಕ್ಕಿ ಆರಿಸುತ್ತಿದ್ದಳು. “ಖರೇನೋ ಸುಳ್ಳೋ ನನಗೇನು ಗೊತ್ತೋ ತಮ್ಮಾ,” ಎಂದಳು. “ಅವಗ ಇದ್ದದ್ದು ಒಂದ, ಕೈಗುಣದ ಹೆಸರು. ಅದನ್ನ ನಿಮ್ಮ ಪಡಸಾಲ್ಯಾಗ, ನಿನ್ನಂಥವನ ಮುಂದ ಸುರುವಿಬಿಟ್ಟ. ನನ್ನ ಕರಕೊಂಡು ಹೋಗಾಕ. ನಾ ನೋಡಿದ್ದು ಅಷ್ಟ.”

ಅಂದು ಆ ಪಡಸಾಲೆಯಿಂದ ಮಾವ ಹೆಸರು ಕಳೆದುಕೊಂಡು ಎದ್ದಿದ್ದ, ನಾನು ಏನನ್ನೂ ಕಳೆದುಕೊಳ್ಳದೆ ಎದ್ದಿದ್ದೆ ಎಂಬುದು ಆಗ ಹೊಳೆಯಿತು. ಹೊನ್ನಾವರದ ಬಗ್ಗೆ ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಮೊರದ ಇನ್ನೊಂದು ಬದಿಗೆ ಕೂತು ನಾನೂ ಕಲ್ಲು ಆರಿಸತೊಡಗಿದೆ.