ಸ್ಟಾಪ್ ಮಾವನ ಮೊದಲ ಟೂರು

ಆ ನೀಲಿ ವ್ಯಾನೂ ಈಗಿಲ್ಲ, ಅದನ್ನು ಓಡಿಸುತ್ತಿದ್ದ ನಮ್ಮ ಸೋದರಮಾವನೂ ಇಲ್ಲ. ಮೊದಲ ಟೂರು ನೆನೆದರೆ ಮಾತ್ರ ಇವತ್ತಿಗೂ ನಗು ಉಕ್ಕುತ್ತದೆ.

ಸಿಟಿ ಬಸ್ಸಿನ ಡ್ರೈವರಾಗಿ ನಿವೃತ್ತನಾದ ಮಾವ ಸುಮ್ಮನೆ ಕೂರುವ ಜೀವವಲ್ಲ. ಹಳೆಯ ವ್ಯಾನು ಕೊಂಡು, ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ತೋರಿಸುತ್ತೇನೆಂದು ಬೀದಿಯವರನ್ನೆಲ್ಲ ಹತ್ತಿಸಿಕೊಂಡ.

"ತೋರಿಸಿದ್ರೆ ಸರಿ. ಇಲ್ದಿದ್ರೆ ಈ ವ್ಯಾನಿಗೆ ಇನ್ನೊಂದ್ಸಲ ಯಾರೂ ಹತ್ತಲ್ಲ, ನೋಡ್ತಿರು!" ಎಂದು ಎದುರುಮನೆಯ ದರ್ಜಿ ಹೆದರಿಸಿದ.

ಹೊರಟ ಮೇಲೆ ಮೊದಲ ಬಸ್ ಸ್ಟಾಪ್ ಕಂಡದ್ದೇ ತಡ, ಮಾವನ ಕಾಲು ತಾನಾಗಿ ಬ್ರೇಕ್ ಒತ್ತಿತು. ದಾರಿಯುದ್ದಕ್ಕೂ ಪ್ರತಿ ಸ್ಟಾಪಿನಲ್ಲೂ ಅದೇ ಕಥೆ.

"ರೀ, ಯಾರನ್ನ ಹತ್ತಿಸ್ಕೊಳ್ತಿದ್ದೀರಿ?" ಎಂದು ಅತ್ತೆ ಕೂಗಿದರೆ, "ನಾನಲ್ಲ ಕಣೇ, ನನ್ನ ಕಾಲು!" ಎನ್ನುತ್ತಿದ್ದ.

ಒಂದು ಸ್ಟಾಪಿನಲ್ಲಿ ಅಜ್ಜಿಯೊಬ್ಬಳು ಚೀಲ ಹಿಡಿದು ಹತ್ತಿಯೇ ಬಿಟ್ಟಳು.

"ಅಜ್ಜಿ, ಇದು ಸಮುದ್ರಕ್ಕೆ ಹೋಗೋ ಗಾಡಿ," ಎಂದ ಮಾವ.

"ಹೋಗ್ಲಿ ಬಿಡಪ್ಪ, ಮಗಳ ಮನೆಗೆ ನಾಳೆ ಹೋದ್ರಾಯ್ತು. ನಾನೂ ಸಮುದ್ರ ನೋಡಿಲ್ಲ."

ತಲುಪುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಮಾವನ ಮುಖ ಸಪ್ಪಗಾಯಿತು. ಅಜ್ಜಿ ಮಾತ್ರ ಚಪ್ಪಲಿ ಬಿಟ್ಟು ನೀರಿಗಿಳಿದು, ಅಲೆ ಬಡಿದಾಗಲೆಲ್ಲ ಮಗುವಿನಂತೆ ಕಿರುಚಿ ನಕ್ಕಳು. ಅವಳ ಕೈ ಹಿಡಿಯಲು ಹೋದ ದರ್ಜಿಯೂ ಸೊಂಟದವರೆಗೆ ನೆನೆದು ನಗತೊಡಗಿದ. ಬೀದಿಗೆ ಬೀದಿಯೇ ನೀರಿಗಿಳಿಯಿತು.

ವಾಪಸು ಬರುವಾಗ ದರ್ಜಿ ಗೊಣಗಿದ: "ಮುಂದಿನ್ಸಲ ಬೆಳಿಗ್ಗೇನೇ ಹೊರಡೋಣ. ನಿನ್ನ ಕಾಲನ್ನ ನಂಬೋಕಾಗಲ್ಲ."

'ಮುಂದಿನ ಸಲ' ಕೇಳಿದ ಮಾವ, ಖಾಲಿ ಸ್ಟಾಪೊಂದರಲ್ಲಿ ಬೇಕೆಂದೇ ಗಾಡಿ ನಿಲ್ಲಿಸಿ ಕಣ್ಣೊರೆಸಿಕೊಂಡ.