ಗೋಡೆಯಾಚೆಯ ಮೋಟರು

ಆಗ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲೇ ಇದೆ, ಮೂಗಿಗೆ ಮಾತ್ರ ವಯಸ್ಸಾಗಿದೆ. ಇದನ್ನು ಓದುವಾಗ ಎಲ್ಲಾದರೂ ನಾನು ಜಾಣನಂತೆ ಕಂಡರೆ ನಂಬಬೇಡಿ. ಒಂದು ಮಳೆಗಾಲದ ಅರ್ಧ ಭಾಗ ನನಗೆ ಏನೆಂದರೆ ಏನೂ ತಿಳಿಯಲಿಲ್ಲ.

ಸಂಸ್ಥಾನಗಳು ಇನ್ನೂ ಇದ್ದ ಕಾಲ. ರಬಕವಿಯಲ್ಲಿ ನೇಕಾರರಿಗೆ ನೂಲು ಸುತ್ತುವ ಕಂಡಿಕೆಗಳನ್ನು ಕಡೆದು ಕೊಡುವುದು ನನ್ನ ಕಸುಬು. ಅಪ್ಪ ಮಾಡಿಟ್ಟುಹೋದ ಲೇಥು, ಮೈಯೆಲ್ಲ ಜಾಲಿ ಕಟ್ಟಿಗೆ. ಅದು ತಿರುಗಬೇಕಾದರೆ ಪಕ್ಕದಲ್ಲೊಂದು ಆಳೆತ್ತರದ ಗಾಲಿ. ಒಬ್ಬರು ಗಾಲಿ ತಿರುವಬೇಕು, ಇನ್ನೊಬ್ಬರು ಉಳಿ ಹಿಡಿಯಬೇಕು. ಉಳಿ ನಾನು ಹಿಡಿಯುತ್ತಿದ್ದೆ, ಗಾಲಿ ನನ್ನ ಹೆಂಡತಿ ತಿರುವುತ್ತಿದ್ದಳು. ಮೊದಲ ಸಲ ಬಸುರಿಯಾದಾಗಲೂ ತಿರುವಿದಳು. ನಾನೂ ಬೇಡ ಅನ್ನಲಿಲ್ಲ. ಐದನೇ ತಿಂಗಳಲ್ಲಿ ಗಾಲಿಯ ಬುಡದಲ್ಲೇ ಕುಸಿದಳು. ಕೂಸು ಉಳಿಯಲಿಲ್ಲ. ಸೂಲಗಿತ್ತಿ ಕೈ ತೊಳೆದುಕೊಳ್ಳುತ್ತ, "ಇನ್ನೊಮ್ಮಿ ಈಕಿ ಕೈಯಾಗ ಗಾಲಿ ಕೊಟ್ಟರ ನನ್ನ ಕರಿಯಾಕ ಬರಬ್ಯಾಡ," ಎಂದು ನನ್ನ ಮುಖಕ್ಕೇ ಹೇಳಿ ಹೋದಳು.

ನಮ್ಮ ಗೋಡೆಗೆ ಹೊಂದಿಕೊಂಡೇ ಒಬ್ಬ ಜೈನ ಮುದುಕಿಯ ಮನೆ. ಓಣಿಯವರೆಲ್ಲ ಅವರಿಗೆ ಅವ್ವಾರು ಎನ್ನುತ್ತಿದ್ದೆವು. ಅವರ ಗಂಡ ನಡೆಸುತ್ತಿದ್ದ ಹಿಟ್ಟಿನ ಗಿರಣಿ ನಿಂತುಹೋಗಿ, ಅದರ ಹಳೆಯ ಮೋಟರು ಒಂದು ಕೋಣೆಯಲ್ಲಿ ಸುಮ್ಮನೆ ಕೂತಿತ್ತು. ನಮ್ಮ ಸಂಕಟ ನೋಡಿ ಅವರೇ, "ಇದನ್ನ ಹಚ್ಚಿಕೊಳ್ಳೋ ತಮ್ಮಾ, ಆ ಹುಡುಗಿ ರಟ್ಟಿ ಉಳೀಲಿ," ಎಂದರು. ಕರೆಂಟು ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಆದ್ದರಿಂದ ಮೋಟರು ಅಲ್ಲೇ ಉಳಿಯಿತು. ನಡುಗೋಡೆಗೆ ಕಿಂಡಿ ಕೊರೆದು, ಅದರೊಳಗಿಂದ ಪಟ್ಟಾ ಹಾಯಿಸಿ ನನ್ನ ಲೇಥಿಗೆ ಜೋಡಿಸಿದೆ. ಗುಂಡಿಯೂ ಅವರ ಕಡೆಗೇ. ನಾನು ಕಿಂಡಿಗೆ ಬಾಯಿಟ್ಟು "ಚಾಲೂ ಮಾಡ್ರಿ ಅವ್ವಾರ" ಅನ್ನಬೇಕು, ಅವರು ಗುಂಡಿ ಒತ್ತಬೇಕು. "ಸಾಕ್ರಿ" ಅಂದರೆ ನಿಲ್ಲಿಸಬೇಕು. ಹೀಗೆ ಒಂದು ವರ್ಷ ಚೆನ್ನಾಗಿ ನಡೆಯಿತು. ಗಾಲಿ ಮೂಲೆ ಸೇರಿತು. ನನ್ನ ಹೆಂಡತಿ ಮತ್ತೆ ಬಸುರಿಯಾದಳು.

ಆಷಾಢದ ಒಂದು ಮಧ್ಯಾಹ್ನ ಕಿಂಡಿಯಿಂದ ಸುಟ್ಟ ಕಮಟು ವಾಸನೆ ಬಂತು. ನಿಲ್ಲಿಸಲು ಹೇಳಿ, ಓಣಿ ಸುತ್ತಿ, ಅವರ ಅಂಗಳದಲ್ಲಿ ಕಾಲು ತೊಳೆದು ಒಳಗೆ ಹೋಗಿ ಮೋಟರು ಮುಟ್ಟಿದೆ. ಅಬ್ಬಾ! ರೊಟ್ಟಿ ಹಂಚು ಮುಟ್ಟಿದ ಹಾಗೆ ಬೆರಳು ಚುರ್ ಅಂತು. ಹಿತ್ತಲಲ್ಲಿದ್ದ ಅವ್ವಾರು "ಏನ ತಮ್ಮಾ?" ಎಂದರು. "ಏನಿಲ್ರಿ, ಎಣ್ಣಿ ಬಿಡಾಕ ಬಂದಿದ್ನಿ," ಎಂದು ಸುಳ್ಳು ಹೇಳಿದೆ.

ಹೇಳಲು ನನಗೆ ಧೈರ್ಯವಿರಲಿಲ್ಲ. ಬನಹಟ್ಟಿಯಲ್ಲಿದ್ದ ಅವರ ಕಿರಿಯ ಮಗ ಹೊಸ ಗಿರಣಿಗೆ ಅದೇ ಮೋಟರು ಬೇಕೆಂದು ಎರಡು ಸಲ ಕೇಳಿಯಾಗಿತ್ತು. ನಾನು ಅದನ್ನು ಸುಡುತ್ತಿದ್ದೇನೆಂದು ಗೊತ್ತಾದರೆ ಮರುದಿನವೇ ಬಂಡಿ ತರುತ್ತಾನೆ. ಮೋಟರು ಹೋದರೆ ಗಾಲಿ. ಗಾಲಿ ಅಂದರೆ ನನ್ನ ಹೆಂಡತಿ.

ಆವತ್ತಿನಿಂದ ನನ್ನ ಹುಚ್ಚಾಟ ಶುರುವಾಯಿತು. ಪಟ್ಟಾ ಬಿಗಿಯಾಗಿದೆ ಎಂದು ಸಡಿಲು ಮಾಡಿದೆ. ಅದು ಜಾರಿತು, ಮೋಟರು ಕಾದೇ ಕಾಯಿತು. ಎಣ್ಣೆ ಬದಲಿಸಿದೆ. ಉಳಿ ಮೊಂಡಾಗಿ ಭಾರ ಬೀಳುತ್ತಿದೆ ಎಂದು ಇದ್ದ ಉಳಿಗಳನ್ನೆಲ್ಲ ಮಸೆದೆ. ಕಟ್ಟಿಗೆ ಹಸಿ ಇದೆ ಎಂದು ಮಾರಿದವನ ಜೊತೆ ಜಗಳ ತೆಗೆದೆ. ಕಡೆಗೆ ತೀರಿಹೋದ ಅಪ್ಪನನ್ನೂ ಬಿಡಲಿಲ್ಲ, ಲೇಥನ್ನೇ ಸೊಟ್ಟ ಕೂರಿಸಿದ್ದಾನೆ ಎಂದು ಬೈದೆ. ನನ್ನ ಹೆಂಡತಿ ಅಕ್ಕಿ ಆರಿಸುತ್ತಲೇ, "ಎತ್ತಿಗೆ ಜ್ವರ ಬಂದರ ಎಮ್ಮಿಗೆ ಬರಿ ಎಳದರಂತ. ಅವ್ವಾರನ್ನ ಒಂದ ಮಾತ ಕೇಳಬಾರದೇನ್ರಿ?" ಎಂದಳು. "ನೀ ಸುಮ್ಮನ ಕುಂದರಬೇ, ನಿನಗೇನ ತಿಳೀತೈತಿ," ಎಂದೆ.

ಜಮಖಂಡಿಯಿಂದ ಒಬ್ಬ ಮಿಸ್ತ್ರಿಯನ್ನು ನೆಂಟನೆಂದು ಹೇಳಿ ಕರೆತಂದೆ. ಪರಗಂಡಸು ಬಂದನೆಂದು ಅವ್ವಾರು ಅಡುಗೆಮನೆ ಬಿಟ್ಟು ಬರಲಿಲ್ಲ. ಮಿಸ್ತ್ರಿ ತಾನೇ ಗುಂಡಿ ಒತ್ತಿ ಮೋಟರಿನ ಪಕ್ಕ ಕೂತ. ನಾನು ಈಚೆ ಬಂದು, ಬೇಕೆಂದೇ ದಪ್ಪ ಜಾಲಿ ತುಂಡು ಹಚ್ಚಿ ಒಂದು ತಾಸು ಕಡೆದೆ. ಮೋಟರು ತಣ್ಣಗಿತ್ತು! "ಮೋಟರಿಗೇನೂ ಆಗಿಲ್ಲ, ನಿನ್ನ ತಲಿನ ಕಾದೈತಿ," ಎಂದು ನಕ್ಕು ಬಸ್ಸು ಹತ್ತಿದ. ಮರುದಿನ ಮತ್ತೆ ಅದೇ ವಾಸನೆ.

ಇನ್ನೂ ಒಂದು ವಿಚಿತ್ರ. ಅಷ್ಟಮಿ, ಚತುರ್ದಶಿಗಳಂದು ಮೋಟರು ಕಾಯುತ್ತಿರಲಿಲ್ಲ. ಆ ದಿನ ಅವ್ವಾರದು ಉಪವಾಸ, ಬೆಳಗ್ಗೆಯೇ ಬಸದಿಗೆ ಹೋದರೆ ಸಂಜೆಗೇ ಬರುವುದು. ಗುಂಡಿ ಒತ್ತುವುದು ಅವರ ಜೊತೆಗಿದ್ದ ವಿಧವೆ ಹಿರಿಸೊಸೆ. ನಾಲ್ಕು ಸಲ ಹೀಗೇ ಆಯಿತು. ಜೈನರ ಮನೆಯಲ್ಲಿದ್ದು ಮೋಟರೂ ಉಪವಾಸ ಹಿಡಿದಿದೆಯೋ ಏನೋ! ನಗಬೇಡಿ, ಆ ಹೊತ್ತಿಗೆ ನಾನು ಯಾವುದನ್ನು ಬೇಕಾದರೂ ನಂಬುತ್ತಿದ್ದೆ. ಚತುರ್ದಶಿಯಂದು ಒಂದು ತೆಂಗಿನಕಾಯಿ ಒಡೆದೆ.

ಶ್ರಾವಣದಲ್ಲಿ ಒಂದು ದಿನ ಕಿಂಡಿಯಿಂದ ಹೊಗೆಯೇ ಬಂತು. "ನಾಳೆ ಮೋಟರ ಬ್ಯಾಡ್ರಿ ಅವ್ವಾರ," ಎಂದಷ್ಟೇ ಹೇಳಿ, ಮರುದಿನ ಬನಹಟ್ಟಿಗೆ ಹೋದೆ. ಅಲ್ಲಿಯ ನೇಕಾರರು ಕಂಡಿಕೆಗಾಗಿ ಕಾಯುತ್ತಿದ್ದರು, ನಾಲ್ಕು ದಿನ ತಡೆಯಿರಿ ಎಂದು ಕೈ ಮುಗಿದೆ. ಯಾರೂ ತಡೆಯಲಿಲ್ಲ. ಎರಡು ದಿನದಲ್ಲಿ ಕೊಡದಿದ್ದರೆ ಬೇರೆಯವನ ಕಡೆ ಹೋಗುತ್ತೇವೆ ಎಂದರು.

ತಿರುಗಿ ಬಂದರೆ ಮನೆಯೊಳಗಿಂದ ಕಿರ್ರ್ ಎಂಬ ಸದ್ದು. ಆ ಸದ್ದನ್ನು ನಾನು ಸತ್ತರೂ ಮರೆಯಲಾರೆ. ನನ್ನ ಹೆಂಡತಿ ಸೆರಗು ಸಿಕ್ಕಿಸಿ, ಎರಡೂ ಕೈಯಿಂದ ಗಾಲಿ ತಿರುವುತ್ತಿದ್ದಳು. ಮತ್ತೆ ಅದೇ ಐದನೇ ತಿಂಗಳು.

"ಬಿಡss!" ಎಂದು ಚೀರಿದೆ. ಓಣಿಗೆಲ್ಲ ಕೇಳಿಸಿರಬೇಕು.

"ನಾಕ ದಿನದ ಮಾತಲ್ರಿ. ಕೈಲಾಗತೈತೋ ಇಲ್ಲೋ ನೋಡಿದ್ನಿ," ಎಂದಳು. ಹಿಡಿಕೆ ಬಿಟ್ಟು ಸೆರಗಿನಿಂದ ಮುಖ ಒರಸಿಕೊಂಡಳು.

ಅಷ್ಟರಲ್ಲಿ ಅವ್ವಾರು ಬಾಗಿಲಲ್ಲಿ ನಿಂತಿದ್ದರು. ಗಾಲಿಯ ಸದ್ದು ಕೇಳಿ, ಕಿಂಡಿಯಲ್ಲಿ ಇಣುಕಿ, ಓಡಿ ಬಂದಿದ್ದರು. ಏದುಸಿರು. "ಯಾಕಬೇ, ಗಾಲಿ ಯಾಕ ಮುಟ್ಟಿದಿ? ಮೋಟರಿಗೇನ ಧಾಡಿ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಎಲ್ಲ ಹೇಳಿಬಿಟ್ಟಳು. ಕಾಯುವುದು, ಹೊಗೆ, ಮಿಸ್ತ್ರಿ, ತೆಂಗಿನಕಾಯಿ. ಅವ್ವಾರು ನೆಟ್ಟಗೆ ತಮ್ಮ ಮನೆಗೆ ಹೋದರು. ಬರುವಾಗ ಕೈಯಲ್ಲಿ ಎರಡು ಪದರಿನ ದಟ್ಟ ಬಿಳಿ ಅರಿವೆ. ಅದರ ನಾಲ್ಕೂ ಮೂಲೆಗೆ ಲಾಡಿ. ನಡುವೆ ದುಂಡಗೆ ಕಂದಿದ ಕಲೆ, ಕಲೆಯೊಳಗೆ ಗೆರೆ ಗೆರೆ. ಮೋಟರಿನ ಹಿಂಬದಿಯಲ್ಲಿ ಗಾಳಿ ಹೋಗಲೆಂದು ಇದ್ದ ಜಾಲರಿಯ ಗೆರೆಗಳು.

"ಬಿಸಿ ಆಗಾಕ ಇದೇನಾರ ಕಾರಣ ಆಗಿರಬಹುದೇನೋ ತಮ್ಮಾ?" ಎಂದರು. "ಆಷಾಢ ಬಂತಂದ್ರ ಹುಳಾ ಹುಪ್ಪಡಿ ಭಾಳ. ಅದು ಗಾಳಿ ಎಳಕೋತೈತಿ, ಗಾಳಿ ಕೂಡ ಜೀವಾನೂ ಎಳಕೋತೈತಿ. ನಾವು ನೀರ ಸೋಸೂದಿಲ್ಲೇನ? ಹಂಗ ಗಾಳೀನೂ ಸೋಸಿದ್ನಿ. ನೀ ಸಾಕಂದ ಕೂಡಲೇ ಬಿಚ್ಚಿ, ಹಿತ್ತಲ ಗಿಡದಾಗ ಝಾಡಿಸಿ ಬಿಡತಿದ್ನಿ."

ನಾನು ಓಣಿ ಸುತ್ತಿ ಹೋಗುವಷ್ಟರಲ್ಲಿ ಅರಿವೆ ಹಿತ್ತಲಲ್ಲಿರುತ್ತಿತ್ತು!

"ಮತ್ತ ಆ ವಾಸನಿ?"

"ಕರೆಂಟಿನ ವಾಸನಿನ ಹಂಗ ಅಂತ ತಿಳಕೊಂಡಿದ್ನಿ."

"ಅಷ್ಟಮಿ, ಚತುರ್ದಶಿ?"

"ಅವತ್ತ ಕಟ್ಟಂತ ಸೊಸಿಗೆ ಹೇಳಿದ್ನಲ್ಲೋ! ಅಂದ್ರ ಆಕಿ ಕಟ್ಟೇ ಇಲ್ಲ!" ಎಂದು ಗೋಡೆಯ ಕಡೆ ಕಣ್ಣು ಕೆಂಪಗೆ ಮಾಡಿದರು.

ನನ್ನ ಸಿಟ್ಟು ನೆತ್ತಿಗೇರಿತು. "ನಿಮಗ ಹುಳದ ಜೀವ ದೊಡ್ಡದಾತು, ನನ್ನ ಹೇಂತಿ ಜೀವ ಕಾಣಲಿಲ್ಲ ನೋಡ್ರಿ!" ಎಂದುಬಿಟ್ಟೆ. ಆ ಮಾತನ್ನು ಇಂದಿಗೂ ನುಂಗಲಾಗದು.

ಅವ್ವಾರು ಬೈಯಲಿಲ್ಲ. ಅರಿವೆಯನ್ನು ಮಡಚುತ್ತ, "ಹೋದ ಸಲ ಕೂಸ ಹೋದಾಗ ಈಕಿ ನನ್ನ ಉಡ್ಯಾಗ ತಲಿ ಇಟ್ಟ ಅತ್ತಿದ್ಳು," ಎಂದರು. "ಮೋಟರ ಕೊಟ್ಟಾಕಿ ನಾನು. ಅದರಾಗ ಸಾಯೋ ಜೀವದ ಪಾಪ ಈ ಸಲದ ಕೂಸಿಗೆ ತಟ್ಟಿದರ ಅಂತ ಅಂಜಿ ಕಟ್ಟಿದ್ನೋ ತಮ್ಮಾ. ಮೊದಲಿನ ವರ್ಷ ಕಟ್ಟಿದ್ನೇನ?"

ಮೊದಲಿನ ವರ್ಷ ಕಟ್ಟಿರಲಿಲ್ಲ. ನಾನು ಅಂಜಿದ್ದು ಯಾವುದಕ್ಕೋ ಅವರೂ ಅದಕ್ಕೇ ಅಂಜಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ, ಅಷ್ಟೇ. ನಾಚಿಕೆಯಿಂದ ಸತ್ತುಹೋದಂತಾಯಿತು. ನನ್ನ ಹೆಂಡತಿ ಗಾಲಿಗೆ ಒರಗಿ ಕೂತು, ಅಳುತ್ತಲೇ ನಗತೊಡಗಿದಳು.

ಮರುದಿನದಿಂದ ಅರಿವೆ ಇಲ್ಲ. ಅವ್ವಾರು ಒಂದು ಮೆತ್ತನೆ ಕಸಬರಿಗೆ ಹಿಡಿದು, ನನ್ನ ಕೆಲಸ ಮುಗಿಯುವ ತನಕ ಮೋಟರಿನ ಪಕ್ಕ ಕೂತು, ಬಂದ ಹುಳಗಳನ್ನು ಸರಿಸುತ್ತಿದ್ದರು. ಮಳೆಗಾಲ ಮುಗಿದು ಹುಳಗಳು ಕಡಿಮೆಯಾದರೂ ಎದ್ದು ಹೋಗಲಿಲ್ಲ. ಮೋಟರು ಮತ್ತೆ ಕಾಯಲಿಲ್ಲ.

ನನ್ನ ಹೆಂಡತಿಗೆ ತಾಯಿಯಿರಲಿಲ್ಲ, ಹಾಗಾಗಿ ಹೆರಿಗೆ ನಮ್ಮಲ್ಲೇ ಆಯಿತು. ಬೇನೆ ಶುರುವಾದಾಗ ಸೂಲಗಿತ್ತಿ ನನ್ನನ್ನು ಅವ್ವಾರ ಹಿತ್ತಲಿಗೆ ಹೊಂದಿದ ಹಿಂದಿನ ಕೋಣೆಯಿಂದ ಹೊರಗೆ ದಬ್ಬಿದಳು. ಸುಮ್ಮನೆ ಕೂರಲಾಗದೆ ಲೇಥಿಗೆ ಹೋಗಿ, ಮೋಟರು ಚಾಲೂ ಮಾಡಿಸಿ, ಸುಮ್ಮಸುಮ್ಮನೆ ಕಡೆಯುತ್ತ ನಿಂತೆ. ಏನು ಕಡೆಯುತ್ತಿದ್ದೆನೋ ನನಗೇ ಗೊತ್ತಿಲ್ಲ. ಇದ್ದಕ್ಕಿದ್ದಂತೆ ಮೋಟರು ನಿಂತಿತು. ಹೋಯಿತು, ಇವತ್ತೇ ಸುಟ್ಟಿತೇ ಎಂದು ಕಿಂಡಿಗೆ ಬಾಯಿಟ್ಟು ಕೂಗಿದೆ: "ಅವ್ವಾರ, ಮತ್ತ ಬಿಸಿ ಆತೇನ್ರಿ?"

"ಬಿಸಿ ಅಲ್ಲೋ, ನಾನ ಬಂದ್ ಮಾಡೇನಿ," ಎಂದರು ಆಚೆಯಿಂದ. "ಎಷ್ಟ ಸಪ್ಪಳ ಮಾಡ್ತಿಲೇ! ಸುಮ್ಮನ ನಿಂತ ಕೇಳು. ಕೂಸು ಅಳಾಕತ್ತೈತಿ."