ಎಲ್ಲಿಗೆ ನಿಲ್ಲಿಸಲಿ ಎಂದು ಕೇಳುವ ಸೂಜಿ ಅತ್ತೆ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಒಳಾಂಗಣ ಕ್ರೀಡಾಂಗಣದ ದೊಡ್ಡ ಬಾಗಿಲಿಗೆ ಬೀಗ. ಪಕ್ಕದ ಕಬ್ಬಿಣದ ಸಣ್ಣ ಗೇಟು ತಳ್ಳಿ, ಗ್ಯಾಲರಿ ಮೆಟ್ಟಿಲ ಅಡಿಯಲ್ಲಿ ತಲೆ ತಗ್ಗಿಸಿಕೊಂಡು ಹೋದರೆ ಒಂದು ಕೋಣೆ ಸಿಗುತ್ತದೆ. ತಗ್ಗಿಸದಿದ್ದರೆ ಕಾಂಕ್ರೀಟೇ ಬುದ್ಧಿ ಕಲಿಸುತ್ತದೆ. ಒಳಗೆ ಕಾಲಲ್ಲಿ ತುಳಿಯುವ ಹೊಲಿಗೆ ಮಷೀನು ಟಕಟಕ ಓಡುತ್ತಿದೆ. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ನಿನ್ನೆಯ ಅಭ್ಯಾಸದ ಬಟ್ಟೆಗಳು ನೇತಾಡುತ್ತಿವೆ. ಮಷೀನಿನ ಮುಂದೆ, ಕುತ್ತಿಗೆಗೆ ಅಳತೆ ಟೇಪು ಸುತ್ತಿಕೊಂಡು, ತುಟಿಯ ಮಧ್ಯೆ ಎರಡು ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದಾರೆ ಸೂಜಿ ಅತ್ತೆ.

ಗುಂಡುಸೂಜಿ ಬಾಯಲ್ಲಿದ್ದರೂ ಮಾತು ನಿಲ್ಲುವುದಿಲ್ಲ. ಬಾಗಿಲಲ್ಲಿ ನೆರಳು ಕಂಡರೆ ಸಾಕು.

"ಯಾರೇ ಅದು? ಬೆವರಿನ ಬಟ್ಟೇನ ಬುಟ್ಟಿಗೆ ಹಾಕು. ಕುರ್ಚಿ ಮೇಲೆ ಎಸೆದ್ರೆ ನಿನ್ನನ್ನೇ ಹಿಂಡಿ ಒಣಗಾಕ್ತೀನಿ, ನೋಡು."

ಅತ್ತೆ ಈ ಊರಿನ ಹೆಣ್ಣುಮಕ್ಕಳ ವಾಲಿಬಾಲ್ ತಂಡಕ್ಕೆ ಬಟ್ಟೆ ಹೊಲಿಯುವವರು, ಒಗೆಯುವವರು, ಹರಿದದ್ದನ್ನು ಕೂಡಿಸುವವರು. ತಂಡದ ಫೋಟೊದಲ್ಲಿ ಕೋಚ್ ಇದ್ದಾರೆ, ಡಾಕ್ಟರ್ ಇದ್ದಾರೆ, ಬಸ್ ಡ್ರೈವರ್ ಕೂಡ ಟ್ರೋಫಿಯ ಹಿಂದೆ ಹಲ್ಲು ಬಿಟ್ಟುಕೊಂಡು ನಿಂತಿದ್ದಾನೆ. ಅತ್ತೆ ಮಾತ್ರ ಇಲ್ಲ. ಎಲೆಮರೆಯ ಕಾಯಿ ಅನ್ನುತ್ತಾರಲ್ಲ, ಇವರು ಮೆಟ್ಟಿಲ ಮರೆಯ ಕಾಯಿ. ಕೋಣೆಗಿರುವುದು ಅಂಗಳದ ನೆಲಮಟ್ಟಕ್ಕೆ ಒಂದೇ ಒಂದು ಕಿಂಡಿ. ಅದರಲ್ಲಿ ಇಣುಕಿದರೆ ಆಟಗಾರ್ತಿಯರ ಪಾದದಿಂದ ಸ್ಕರ್ಟಿನ ಅಂಚಿನವರೆಗೆ ಮಾತ್ರ ಕಾಣುತ್ತದೆ. ಎಷ್ಟೋ ವರ್ಷ ಅತ್ತೆ ನೋಡಿದ್ದು ಅಷ್ಟೇ ಆಟ. "ಮುಖ ಗುರುತು ಸಿಗಲ್ಲ ನಂಗೆ. ಮಂಡಿ ತೋರ್ಸು, ಯಾರು ಅಂತ ಹೇಳ್ತೀನಿ" ಎಂದು ನಗುತ್ತಾರೆ.

ಮನೆಯ ಒಲೆ ಉರಿಯುವುದು ಈ ಕೆಲಸದಿಂದಲೇ. ಲಾರಿ ಓಡಿಸುತ್ತಿದ್ದ ಗಂಡನಿಗೆ ಬೆನ್ನು ಹಿಡಿದು, ಸ್ಟೇರಿಂಗು ಬಿಟ್ಟು ಎಷ್ಟೋ ವರ್ಷವಾಯಿತು. ಅತ್ತೆಗೂ ಒಬ್ಬರು ಅತ್ತೆ ಇದ್ದಾರೆ. ಹುಡುಗಿಯರ ಬಾಯಲ್ಲಿ ಅವರು ದೊಡ್ಡತ್ತೆ. ಕಣ್ಣಿಗೆ ಪೊರೆ ಬಂದಿದ್ದರೂ ಬೆರಳ ತುದಿಯಲ್ಲೇ ಸೂಜಿಗೆ ದಾರ ಪೋಣಿಸುವ ಮುದುಕಿ. ನಾಲಗೆಗಂತೂ ಪೊರೆ ಬಂದಿಲ್ಲ. ಸೊಸೆಗೆ ಹೊಲಿಗೆ ಕಲಿಸಿದ್ದು ಅವರೇ, ಸಾಣೆ ಹಿಡಿದದ್ದೂ ಅವರೇ. ಮಷೀನೂ ಅವರ ತವರಿನದ್ದೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೂಜಿ ಅತ್ತೆ ಒಂದು ಘನಕಾರ್ಯ ಮಾಡಿದ್ದರು. ಹುಡುಗಿಯರ ಆಟದ ಸ್ಕರ್ಟು ಕಂಡು ಎದೆ ಧಸಕ್ಕೆಂದು, ಯಾರಿಗೂ ಹೇಳದೆ ಕೇಳದೆ ಎಲ್ಲವನ್ನೂ ನಾಲ್ಕು ಬೆರಳು ಇಳಿಸಿ ಹೊಲಿದುಬಿಟ್ಟರು. ಮಾನ ಕಾಪಾಡಿದೆ ಎಂದು ಅವರ ಲೆಕ್ಕ. ಅಂದು ಸಂಜೆ ತಂಡದ ನಾಯಕಿ ಮೆಟ್ಟಿಲಿಳಿದು ಬಂದಳು. ಬಾಗಿಲಿಗೇ ಬಗ್ಗಬೇಕಾದಷ್ಟು ಉದ್ದದ ಹುಡುಗಿ. ಎಲ್ಲರೂ ಅವಳನ್ನು ಕರೆಯುವುದು ಏಣಿ ಎಂದೇ.

"ಅತ್ತೆ, ಇದನ್ಯಾಕೆ ಉದ್ದ ಮಾಡಿದ್ರಿ? ಹಾರಿದ್ರೆ ತೊಡೆಗೆ ಸುತ್ಕೊಳ್ತಿದೆ."

"ಹೆಣ್ಣುಮಕ್ಕಳು ಕಣೇ ನೀವು. ನೋಡೋರ ಕಣ್ಣು ಸರಿ ಇರಲ್ಲ..."

"ಕಣ್ಣು ಸರಿ ಇಲ್ದೋರಿಗೆ ಕನ್ನಡಕ ಕೊಡ್ಸಿ. ನನ್ನ ಸ್ಕರ್ಟು ಯಾಕೆ ಇಳಿಸ್ತೀರಿ? ನನ್ನನ್ನ ಒಂದು ಮಾತು ಕೇಳಿದ್ರಾ?"

ಮುಖ ಊದಿಸಿಕೊಂಡು ಮನೆಗೆ ಹೋದ ಸೊಸೆ ದೂರು ಹೇಳಿದರೆ ದೊಡ್ಡತ್ತೆ ಇನ್ನೊಂದು ಸುತ್ತು ಬೈದರು. "ಗಿರಾಕಿ ಬಂದ್ರೆ ಮೊದ್ಲು ಏನು ಕೇಳ್ಬೇಕು ಅಂತ ಹೇಳ್ಕೊಟ್ಟಿದ್ದೆ? 'ಎಲ್ಲಿಗೆ ನಿಲ್ಲಿಸ್ಲಿ?' ಅಂತ. ಅದನ್ನೇ ಮರ್ತ್ಯಾ? ಕತ್ರಿ ನಿಂದು ಅಂತ ಕಾಲೂ ನಿಂದೇನೇ?"

ಮಾತು ನಾಟಿತು. ಮಾರನೆಯ ದಿನ ಇಳಿಸಿ ಹೊಲಿದದ್ದನ್ನೆಲ್ಲ ಬಿಚ್ಚಿ, ಪ್ರತಿಯೊಬ್ಬಳ ಮುಂದೆ ಮಂಡಿಯೂರಿ ಕೂತು, ಸೀಮೆಸುಣ್ಣದ ಬಿಲ್ಲೆ ಹಿಡಿದು ಅತ್ತೆ ಕೇಳಿದರು: "ಎಲ್ಲಿಗೆ ನಿಲ್ಲಿಸ್ಲಿ ಮಗಳೇ?" ಒಬ್ಬಳು ಮೇಲೆ ತೋರಿಸಿದಳು, ಒಬ್ಬಳು ಕೆಳಗೆ. ಎರಡು ಬೆರಳು ಆಚೀಚೆ ಆದರೆ ಆಗ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಟ್ಟೆ ಸುಖವಾಗಿತ್ತು, ಆಟವೂ ಸುಖವಾಗಿತ್ತು.

ಹೋದ ಸೀಸನ್ನಿಗೆ ಶನಿ ಹೆಗಲೇರಿತು. ಲೀಗಿನವರು ಹೊಸ ನಿಯಮ ತಂದರು. ಹೆಣ್ಣುಮಕ್ಕಳ ಸ್ಕರ್ಟು ಮೊಣಕಾಲಿಗಿಂತ ಒಂದು ಗೇಣು ಮೇಲಿರಲೇಬೇಕು, ಕೆಳಗೆ ಕಾಲುಚೀಲ ಬಿಟ್ಟು ಇನ್ನೇನೂ ಇರಕೂಡದು. ತಂಡದಲ್ಲಿ ಒಬ್ಬಳು ತಪ್ಪಿದರೂ ಪ್ರತಿ ಸೆಟ್ಟಿನ ಆರಂಭದಲ್ಲೇ ಎದುರಾಳಿಗೆ ಒಂದು ಪಾಯಿಂಟು ಬಿಟ್ಟಿ. ಗಂಡಸರ ಚಡ್ಡಿಗೆ ಮಾತ್ರ ಯಾವ ಗೇಣೂ ಇಲ್ಲ, ಮೊಳವೂ ಇಲ್ಲ.

ಟಿವಿಯಲ್ಲಿ ಚರ್ಚೆಯೋ ಚರ್ಚೆ. ಆಟಕ್ಕೆ ಆಕರ್ಷಣೆ ಬೇಡವೇ ಎಂದು ಒಬ್ಬರು. ಗಿಡ್ಡ ಉಡುಪೇ ಬಿಡುಗಡೆ ಎಂದು ಇನ್ನೊಬ್ಬರು. ಹೆಣ್ಣು ಹಿಮ್ಮಡಿಯವರೆಗೆ ಮುಚ್ಚಿಕೊಂಡೇ ಆಡಲಿ, ಇಲ್ಲವೇ ಮನೆಯಲ್ಲಿರಲಿ ಎಂದು ಮೂರನೆಯವರು. ಚಹಾ ಅಂಗಡಿಯ ಬೆಂಚಿನ ಮೇಲೂ ಇದೇ ಜಗಳ. ಎಲ್ಲರೂ ಗಂಟಲು ಹರಿದುಕೊಂಡರು. ತೊಡುವವರ ಬಾಯಿಗೆ ಮಾತ್ರ ಯಾರೂ ಮೈಕು ಹಿಡಿಯಲಿಲ್ಲ.

ಲೀಗಿನ ಕಾರ್ಯದರ್ಶಿ ಖುದ್ದಾಗಿ ಅತ್ತೆಯ ಕೋಣೆಗೆ ಬಂದರು. ಬರುವಾಗ ತಲೆ ಹೊಡೆಸಿಕೊಂಡಿದ್ದರು, ಅದರ ಸಿಟ್ಟೂ ಸೇರಿತ್ತು.

"ಇನ್ಮೇಲೆ ಬಟ್ಟೆ ಜವಾಬ್ದಾರಿ ನಿಂದು ಕಣಮ್ಮ. ಒಂದು ಸ್ಕರ್ಟು ಇಳಿದ್ರೂ ನಿನ್ನ ಕೆಲ್ಸ ಇಲ್ಲ."

"ಸಾರ್, ಗಂಡುಮಕ್ಕಳ ಚಡ್ಡಿಗೆ ಅಳತೆ ಎಷ್ಟಿಡ್ಲಿ?"

"ಅವರದ್ದು ಬಿಡು. ಅವರ ಕಾಲು ಯಾರು ನೋಡ್ತಾರೆ?"

"ನೋಡೋಕೆ ಕಾಲೇ ಸಾಕು ಅಂದ್ರೆ ಚೆಂಡು ಯಾಕೆ ಸಾರ್?"

"ನಿನ್ನ ಕೆಲ್ಸ ಹೊಲಿಯೋದು. ಹೊಲಿ" ಎಂದು ಕಾರ್ಯದರ್ಶಿ ತಲೆ ಸವರಿಕೊಳ್ಳುತ್ತ ಹೊರಟರು. ಅತ್ತೆ ಹೊಲಿದರು. "ಹೊಟ್ಟೆ ಕೇಳ್ಬೇಕಲ್ಲ" ಎನ್ನುತ್ತಾರೆ. ಅಷ್ಟೇ, ಅದಕ್ಕೆ ಉಪ್ಪುಖಾರ ಹಚ್ಚುವುದಿಲ್ಲ.

ಆ ನಿಯಮ ಹೆಚ್ಚು ಕಚ್ಚಿದ್ದು ಪುಟ್ಟಿಗೆ. ಪುಟ್ಟಿ ತಂಡದಲ್ಲಿ ಎಲ್ಲರಿಗಿಂತ ಗಿಡ್ಡ. ಎದುರಾಳಿ ಬಾರಿಸಿದ ಚೆಂಡು ನೆಲ ಮುಟ್ಟುವ ಮೊದಲು ತಾನೇ ನೆಲಕ್ಕೆ ಬಿದ್ದು ಅದನ್ನು ಎತ್ತುವುದು ಅವಳ ಕೆಲಸ. ದಿನವಿಡೀ ಜಾರಿ ಜಾರಿ ತೊಡೆಯ ಚರ್ಮ ಕೆಂಡವಾಗುತ್ತಿತ್ತು. ಮೊದಲೆಲ್ಲ ಸ್ಕರ್ಟಿನ ಕೆಳಗೆ ಮೊಣಕಾಲು ದಾಟುವ ಬಿಗಿಯಾದ ಕಾಲುಡುಗೆ ಹಾಕುತ್ತಿದ್ದಳು. ಅದಕ್ಕೀಗ ನಿಷೇಧ.

"ಉರೀನ ತಡ್ಕೋತೀನಿ ಅತ್ತೆ" ಎಂದಳು ಮುಲಾಮು ಹಚ್ಚಿಸಿಕೊಳ್ಳುತ್ತ. "ಬಿದ್ದಾಗೆಲ್ಲ ಕ್ಯಾಮೆರಾ ಎಲ್ಲಿಗೆ ತಿರುಗುತ್ತೆ ಅಂತ ಗೊತ್ತಲ್ಲ, ಅದನ್ನ ತಡ್ಕೊಳ್ಳೋಕಾಗಲ್ಲ."

ಸೆಮಿಫೈನಲ್ಲಿನಲ್ಲಿ ಅತ್ತೆ ಕಿಂಡಿಯಿಂದ ಕಂಡದ್ದೂ ಅದೇ. ಪ್ರತಿ ಸರ್ವಿಗೂ ಮೊದಲು ಪುಟ್ಟಿಯ ಕೈ ಸ್ಕರ್ಟಿನ ಅಂಚು ಎಳೆಯಲು ಇಳಿಯುತ್ತಿತ್ತು. ಕೈ ಅಂಚಿನಲ್ಲಿದ್ದಾಗ ಚೆಂಡು ಬಂದು ಪಕ್ಕದಲ್ಲೇ ಬೀಳುತ್ತಿತ್ತು. ತಂಡ ಕೂದಲೆಳೆಯಲ್ಲಿ ಗೆದ್ದಿತು. ಆದರೆ ಪುಟ್ಟಿ ಅಳುತ್ತ ಕೆಳಗಿಳಿದು ಬಂದು, ತನ್ನ ಜೆರ್ಸಿಯನ್ನು ಮಡಿಚಿ ಮಷೀನಿನ ಮೇಲಿಟ್ಟಳು. "ಫೈನಲ್ ಆಡಲ್ಲ ಅತ್ತೆ. ಮುಂದೇನೂ ಆಡಲ್ಲ."

ಹಿಂದೆಯೇ ಬಂದ ಏಣಿ, "ನೀನೊಬ್ಳೇ ಯಾಕೆ? ನಾವೆಲ್ಲ ಉದ್ದದ್ದೇ ಹಾಕ್ತೀವಿ. ಹೊಲೀರಿ ಅತ್ತೆ" ಎಂದಳು.

ಅತ್ತೆ ಕತ್ತರಿ ಕೆಳಗಿಟ್ಟರು. "ಸುತ್ಕೊಳ್ಳುತ್ತೆ ಅಂತ ನಂಗೆ ಬೈದೋಳು ನೀನೇ ಅಲ್ವೇನೇ? ಇವ್ಳಿಗೋಸ್ಕರ ನೀನು ತೊಡರ್ಕೊಂಡು ಬೀಳೋದ್ಯಾಕೆ? ನಿಂಗೆ ನಿಂದು, ಅವ್ಳಿಗೆ ಅವ್ಳದ್ದು. ಬಣ್ಣ ಒಂದಾದ್ರೆ ತಂಡ ಒಂದೇ. ಕರಿ ಎಲ್ರನ್ನೂ."

"ನಿಮ್ಮ ಕೆಲ್ಸ ಹೋಗುತ್ತೆ ಅತ್ತೆ."

"ಹೋದ್ರೆ ಸ್ಕೂಲ್ ಯೂನಿಫಾರಂ ಹೊಲೀತೀನಿ. ಮಕ್ಕಳು ಕಾರ್ಯದರ್ಶಿಗಿಂತ ಕಡಿಮೆ ಹಠ ಮಾಡ್ತವೆ."

ಅತ್ತೆ ಮತ್ತೆ ಕತ್ತರಿ ಎತ್ತಿಕೊಂಡರು. ಒಂದೇ ಥಾನಿನ ನೀಲಿ ಬಟ್ಟೆ ಹರಡಿ, ಒಬ್ಬೊಬ್ಬಳನ್ನೇ ನಿಲ್ಲಿಸಿ ಅದೇ ಹಳೆಯ ಪ್ರಶ್ನೆ ಕೇಳಿದರು. ಏಣಿಯದ್ದು ಗೇಣಿಗಿಂತ ಮೇಲೆ ಹೋಯಿತು. ಒಬ್ಬಳಿಗೆ ಸ್ಕರ್ಟೇ ಬೇಡ, ಚಡ್ಡಿ ಸಾಕು. ಒಬ್ಬಳಿಗೆ ಹಿಮ್ಮಡಿಯವರೆಗೆ ಕಾಲುಡುಗೆ. ಪುಟ್ಟಿಗೆ ಮೊಣಕಾಲು ದಾಟಿ ನಾಲ್ಕು ಬೆರಳು, ಜಾರುವ ಕಡೆ ಎರಡು ಪದರ.

ಫೈನಲ್ ದಿನ ಬಟ್ಟೆಯ ಜವಾಬ್ದಾರಿ ಹೊತ್ತವರು ಎಂದು ಅತ್ತೆಯನ್ನೂ ಅಂಗಳದ ಪಕ್ಕದಲ್ಲಿ ನಿಲ್ಲಿಸಿದ್ದರು. ನೀಲಿ ತಂಡ ಒಳಬಂದಾಗ ಗ್ಯಾಲರಿಯಲ್ಲಿ ಗುಸುಗುಸು. ರೆಫರಿ ನಿಯಮ ಓದಿ, ಎದುರಾಳಿಗೆ ಒಂದು ಪಾಯಿಂಟು ಬರೆದರು. ಆಟ ಶುರುವಾಗುವ ಮೊದಲೇ ನೀಲಿ ತಂಡ ಹಿಂದೆ ಬಿತ್ತು. ಕಾರ್ಯದರ್ಶಿ ಅತ್ತೆಯ ಕಡೆ ನೋಡಿದ ನೋಟದಲ್ಲಿ ಮಾರನೆಯ ದಿನದ ವಜಾ ಆಗಲೇ ಇತ್ತು.

ಎದುರಾಳಿಗಳು ಕೆಂಪು ತಂಡ. ಅವರ ನಾಯಕಿಯನ್ನು ಬಂಡೆ ಎನ್ನುತ್ತಾರೆ. ಅವಳು ಸರ್ವ್ ಹೊಡೆದರೆ ಎದುರಿಗಿರುವವರ ಮುಂಗೈ ಉರಿಯುತ್ತದೆ. ಮೊದಲ ಸರ್ವಿಗೆ ಬಂಡೆ ಚೆಂಡು ಎತ್ತಿದಳು, ನೆಟ್ಟಿನ ಕಡೆ ಒಮ್ಮೆ ನೋಡಿದಳು, ಆಮೇಲೆ ಚೆಂಡನ್ನು ಸೀದಾ ಗ್ಯಾಲರಿಗೆ ಬಾರಿಸಿದಳು. ಒಂದು, ಒಂದು. ಕೈ ಜಾರಿತು ಪಾಪ ಎಂದುಕೊಂಡರು ಜನ.

ಎರಡನೆಯ ಸೆಟ್ಟು. ಮತ್ತೆ ಕೆಂಪಿನವರಿಗೆ ಬಿಟ್ಟಿ ಪಾಯಿಂಟು, ಈ ಸಲ ಸರ್ವ್ ಏಣಿಯದ್ದು. ಚೆಂಡು ಮೆತ್ತಗೆ ಬಂತು. ಬಂಡೆ ಮತ್ತು ಅವಳ ಜೊತೆಯ ಐವರೂ ಬೆನ್ನ ಹಿಂದೆ ಕೈ ಕಟ್ಟಿ ನಿಂತರು. ಚೆಂಡು ಅವರ ನಡುವೆ ಬಿದ್ದು ಪುಟಿದು ಉರುಳಿಹೋಯಿತು. ಆಗ ಜನಕ್ಕೆ ಅರ್ಥವಾಯಿತು. ಗ್ಯಾಲರಿಯಲ್ಲಿ ಸೂರು ಹಾರುವ ಹಾಗೆ ಚಪ್ಪಾಳೆ. ಕೆಂಪು ತಂಡದ ಕೋಚು ತಲೆ ಚಚ್ಚಿಕೊಂಡು ಕೂಗಿದ, "ಏನ್ ಮಾಡ್ತಿದೀಯಾ? ಫೈನಲ್ ಇದು!"

ಬಂಡೆ ತಿರುಗಿಯೂ ನೋಡದೆ ಹೇಳಿದಳು, "ಬಿಟ್ಟಿ ಪಾಯಿಂಟು ಯಾರಿಗೆ ಬೇಕು ಸಾರ್? ಭಿಕ್ಷೆಗೆ ಬಂದಿದ್ದೀವಾ ನಾವು?"

ಪ್ರತಿ ಸೆಟ್ಟಿಗೂ ಹಿಂತಿರುಗಿಸಿದ್ದು ಆ ಬಿಟ್ಟಿ ಪಾಯಿಂಟಷ್ಟೇ. ಅದು ಬಿಟ್ಟು ಒಂದು ಪಾಯಿಂಟೂ ಪುಕ್ಕಟೆ ಕೊಡಲಿಲ್ಲ. ಎರಡು ಸೆಟ್ಟು ಇವರಿಗೆ, ಎರಡು ಅವರಿಗೆ. ಐದನೆಯ ಸೆಟ್ಟಿನಲ್ಲಿ, ಒಂದು ಪಾಯಿಂಟು ಅಂದರೆ ಪ್ರಾಣ ಎನ್ನುವಾಗಲೂ, ಬಂಡೆ ಮೊದಲ ಸರ್ವನ್ನು ನೆಟ್ಟಿಗೆ ಹೊಡೆದು ಲೆಕ್ಕ ಸಮ ಮಾಡಿಯೇ ಆಟಕ್ಕಿಳಿದಳು.

ಕೊನೆಯ ಪಾಯಿಂಟಿನಲ್ಲೂ ಮೊದಲು ಬಾರಿಸಿದವಳು ಬಂಡೆಯೇ. ಮೂಲೆಗೆ, ಸಿಡಿಲಿನ ಹಾಗೆ. ಪುಟ್ಟಿ ಓಡಲಿಲ್ಲ, ಹಾರಿದಳು. ಎರಡು ಕೈಯೂ ಚೆಂಡಿನ ಕಡೆಗೇ. ಎದೆಯೂರಿ ಜಾರಿಕೊಂಡು ಹೋಗಿ, ನೆಲಕ್ಕೂ ಚೆಂಡಿಗೂ ನಡುವೆ ಅಂಗೈ ತೂರಿಸಿದಳು. ಚೆಂಡು ಎದ್ದಿತು. ಏಣಿ ಎದ್ದಳು. ಹೊಡೆತ ಕೆಂಪು ಅಂಗಳದ ನಡುವೆ ಬಿತ್ತು. ನೀಲಿ ತಂಡಕ್ಕೆ ಟ್ರೋಫಿ! ಪುಟ್ಟಿ ಎದ್ದವಳೇ ಓಡಿ ಬಂದು, ಅತ್ತೆಯನ್ನು ಟೇಪಿನ ಸಮೇತ ಎತ್ತಿ ಸುತ್ತಿಸಿದಳು. ಬಂಡೆ ನೆಟ್ಟಿನ ಅಡಿಯಿಂದ ನುಸುಳಿ ಬಂದು, "ನನ್ನದ್ದನ್ನೂ ನೀವೇ ಹೊಲೀಬೇಕು ಅತ್ತೆ. ಸೋತಿದ್ದಕ್ಕೆ ನಷ್ಟ ಪರಿಹಾರ" ಎಂದಳು.

ಕೆಲಸ ಹೋಯಿತು, ಹೇಳಿದ ಹಾಗೆಯೇ. ಮಷೀನು ಹೊತ್ತು ಮನೆಗೆ ಬಂದ ಸೊಸೆಗೆ ದೊಡ್ಡತ್ತೆ ಹೇಳಿದ್ದು ಇಷ್ಟು: "ಕೆಲ್ಸ ಅವರ್ದು, ಇಟ್ಕೊಳ್ಳಲಿ. ಮಷೀನ್ ನಮ್ದು. ಇಳ್ಸು, ಎಣ್ಣೆ ಬಿಡು." ವಾರ ಕಳೆಯುವುದರೊಳಗೆ ಮನೆ ಬಾಗಿಲಲ್ಲಿ ನೀಲಿ, ಕೆಂಪು, ಹಸಿರು, ಹಳದಿ, ಎಲ್ಲ ತಂಡದ ಹುಡುಗಿಯರೂ ಅಳತೆಗೆ ಸಾಲು ನಿಂತರು. ನಾಯಕಿಯರು ಲೀಗಿಗೆ ಒಂದೇ ಮಾತು ಹೇಳಿ ಕಳಿಸಿದ್ದರು: ನಿಯಮ ಇರುವವರೆಗೆ ಟಾಸಿಗೆ ಯಾರೂ ಬರುವುದಿಲ್ಲ. ನಿಯಮ ಬಿತ್ತು. ಬಣ್ಣ ತಂಡದ್ದು, ಉದ್ದ ತೊಡುವವಳದ್ದು ಎಂದು ತೀರ್ಮಾನವಾಯಿತು.

ಕಾರ್ಯದರ್ಶಿಯೇ ಕರೆಯಲು ಬಂದರು. ಬಾಗಿಲಲ್ಲಿದ್ದ ದೊಡ್ಡತ್ತೆ ಅವರ ಪ್ಯಾಂಟಿನ ತುದಿ ಬೆರಳಲ್ಲಿ ಮುಟ್ಟಿ ನೋಡಿ, "ಬಾರಪ್ಪ ಒಳಗೆ. ಇದು ಯಾಕೋ ಮೇಲಕ್ಕೆ ಹೋಗಿದೆ. ಯಾವ ನಿಯಮದ ಪ್ರಕಾರ?" ಎಂದರಂತೆ. ಕಾರ್ಯದರ್ಶಿಯೂ ನಕ್ಕರು, ಬೇರೆ ದಾರಿ ಇರಲಿಲ್ಲ. ಈಗ ಎಲ್ಲ ತಂಡಗಳ ಬಟ್ಟೆಯೂ ಅತ್ತೆಯದ್ದೇ. ಮೊನ್ನೆ ಗಂಡಸರ ತಂಡದವನೊಬ್ಬ ನಾಚಿಕೊಂಡು ಬಂದು, ತನ್ನ ಚಡ್ಡಿಯನ್ನೂ ತುಸು ಇಳಿಸಿಕೊಡಿ ಎಂದನಂತೆ. ಅವನನ್ನೂ ಯಾರೂ ಕೇಳಿರಲಿಲ್ಲ, ಪಾಪ.

ಅತ್ತೆಯ ಬೆರಳುಗಳಲ್ಲಿ ಸೂಜಿ ಚುಚ್ಚದ ಜಾಗ ಹುಡುಕಬೇಕು. ಸಂಜೆಗೆ ಭುಜ ಮೇಲೇಳುವುದಿಲ್ಲ. ಹೊಸ ಸೀಸನ್ನಿನ ಮೊದಲ ಪಂದ್ಯ ಮುಗಿದಿದೆ. ನಿನ್ನೆಯ ಪತ್ರಿಕೆಯ ಆಟದ ಪುಟವನ್ನು ಅವರು ಮಷೀನಿನ ಎದುರು ಗೋಡೆಗೆ ಅಂಟಿಸಿದ್ದಾರೆ. ಅದರಲ್ಲಿ ಇವರ ಫೋಟೊ ಇಲ್ಲ, ಹೆಸರೂ ಇಲ್ಲ. ಮತ್ಯಾಕೆ ಅಂಟಿಸಿದಿರಿ ಎಂದು ಕೇಳಿದರೆ ಬಾಯಿಂದ ಗುಂಡುಸೂಜಿ ತೆಗೆದು, ಅಕ್ಷರಗಳ ಮೇಲೆ ಬೆರಳಾಡಿಸುತ್ತ ಹೇಳುತ್ತಾರೆ:

"ಪೂರ್ತಿ ಓದಿ ನೋಡಿ. ಯಾರು ಹೆಂಗೆ ಎಗರಿದ್ರು, ಪುಟ್ಟಿ ಎಷ್ಟು ಚೆಂಡು ಎತ್ತಿದ್ಲು, ಎಲ್ಲಾ ಬರ್ದಿದಾರೆ. ಬಟ್ಟೆ ಬಗ್ಗೆ ಒಂದಕ್ಷರ ಇಲ್ಲ. ನಾನು ಚೆನ್ನಾಗಿ ಹೊಲ್ದಿದೀನಿ ಅಂತ ಇನ್ನು ಹೆಂಗೆ ಬರೀಬೇಕು ಹೇಳಿ?"